ಒಲೆ ಕಡೆಯ ಕಾಲು

ಶೇಷಮ್ಮ ಯಾದಗಿರಿ ಕಡೆಯವಳು; ಗಂಡ ಪೀರಪ್ಪ ಗಾರೆ ಕೆಲಸದವನು. ದೊಡ್ಡನೆಕ್ಕುಂದಿಯ ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಕೂತು ಫ್ಯಾಕ್ಟರಿ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ವರ್ಷಗಟ್ಟಲೆ ಬಲಗಾಲು ಒಲೆಯ ಕಡೆಗೆ. ಆ ಮೊಣಕಾಲ ಕೆಳಗೆ ಬಲೆ ಹಾಸಿದಂಥ ಕಂದು ಕಲೆ ಮೂಡಿತ್ತು. ನೋವಿರಲಿಲ್ಲ, ಸುಟ್ಟುಕೊಂಡ ನೆನಪೂ ಇರಲಿಲ್ಲ.

ಯುಗಾದಿಗೆ ಬಂದಿದ್ದ ಅಣ್ಣ ದುರ್ಗೇಶ, ಅವಳು ಸೀರೆ ಎತ್ತಿ ಕಟ್ಟಿ ಅಂಗಳ ತೊಳೆಯುವಾಗ ಅದನ್ನು ಕಂಡ.

"ಪೀರ್ಯಾ ತಂತಿಲೆ ಬಡದಾನೇನು?"

"ಇಲ್ಲೋ ಅಣ್ಣಾ. ನನ್ನ ಗಂಡ ಒಂದಿನಾನೂ ಕೈ ಎತ್ತಿಲ್ಲ. ಮನಿದೇವರು ಮೌನೇಶಪ್ಪನ ಆಣಿ."

"ಬಡಿಸ್ಕೊಂಡ ಹೆಣ್ಮಕ್ಕಳೆಲ್ಲಾ ಇದನ್ನ ಅಂತಾರ!"

ಏಟು ತಿಂದವರು ಹಾಗನ್ನುವುದು ಸುಳ್ಳಲ್ಲ. ಅದಕ್ಕೇ ವಠಾರದಲ್ಲಿ ಯಾರೂ ಅಡ್ಡ ಬರಲಿಲ್ಲ.

ಗಾರೆ ಕೆಲಸ ಮುಗಿಸಿ ಬಂದ ಪೀರಪ್ಪ ಚಪ್ಪಲಿ ಬಿಡುವ ಮೊದಲೇ ದುರ್ಗೇಶ ಸೌದೆ ಕೊರಡು ಬೀಸಿದ. ಬಲಗೈ ಮೂಳೆ ಲಟ್ಟನೆ ಮುರಿಯಿತು. ಬಿದ್ದವನ ಪಕ್ಕೆಗೆ ಒದ್ದ, ಬಾಯಿಗೆ ಗುದ್ದಿದ. ಶೇಷಮ್ಮ ಗಂಡನ ಮೇಲೆ ಬೋರಲು ಬಿದ್ದು "ಹೊಡದಿಲ್ಲ, ಹೊಡದಿಲ್ಲ" ಎಂದು ಕೂಗಿದಷ್ಟೂ ಅಣ್ಣನ ಸಿಟ್ಟು ಏರಿತು.

ಪೀರಪ್ಪನನ್ನು ಸೇರಿಸಿದ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ಶ್ವೇತ ಅವಳ ಕಾಲು ನೋಡಿದರು.

"ಇದು ಏಟಲ್ಲ ರೀ, ಒಲೆ ಕಾವು. ಚರ್ಮದ ಒಂದೊಂದು ಜೀವಕೋಶದಲ್ಲೂ ಜೀನ್‌ಗಳಿರ್ತವೆ, ಏನೇನು ತಯಾರಾಗ್ಬೇಕು ಅನ್ನೋ ಅಪ್ಪಣೆ ಥರ. ಸುಡೋದೇ ಬೇಡ, ಬಿಸಿ ಸ್ವಲ್ಪ ಏರಿದ್ರೂ ಕೆಲವು ಜೀನ್ ಜೋರಾಗಿ ಕೆಲಸ ಶುರು ಮಾಡ್ತವೆ, ಕಾಪಾಡೋ ಪ್ರೋಟೀನ್ ಮಾಡಿಸ್ತವೆ. ಬೆಳೆಯೋ ಕೆಲಸದವು ಸುಮ್ಮನಾಗ್ತವೆ. ದಿನಾ ಹಿಂಗೇ ಆದ್ರೆ ಒಳಗಿನ ನಾರು ಹಾಳಾಗಿ ಕಲೆ ನಿಂತ್ಬಿಡತ್ತೆ. ಒಲೆಯಿಂದ ದೂರ ಕೂತ್ಕೊಳ್ಳಿ."

ದುರ್ಗೇಶ ತಂಗಿಯ ಗಂಡನ ಕಾಲಿಗೆ ಬಿದ್ದ. ಪೀರಪ್ಪ ಕಾಲು ಎಳೆದುಕೊಂಡ.

ಶೇಷಮ್ಮ ಒಲೆ ಎತ್ತರಿಸಿ ನಿಂತು ರೊಟ್ಟಿ ಬಡಿಯತೊಡಗಿದಳು. ಕೈ ಮುರಿದು ಕೆಲಸ ತಪ್ಪಿದ ಪೀರಪ್ಪ ಮನೆಯಲ್ಲೇ ಕೂತು ಕುಡಿಯತೊಡಗಿದ. ಒಂದು ಸಂಜೆ, "ನಿನಗ ಹೊಡೀಲಾರದನ ಹೊಡತ ತಿಂದೆ. ಇನ್ನ ಹೊಡದರ ಏನ ತಪ್ಪು?" ಎಂದವನೇ ಎಡಗೈಯಲ್ಲಿ ಕಾದ ಇಕ್ಕಳ ಬೀಸಿದ. ಅವಳ ಹುಬ್ಬು ಸೀಳಿತು.

ನಮ್ಮ ಜಗಲಿಗೆ ಓಡಿಬಂದು ಅಣ್ಣನಿಗೆ ಫೋನ್ ಹಚ್ಚಿದಳು. "ಅಣ್ಣಾ, ಹೊಡದ."

ಆ ಕಡೆಯಿಂದ ದುರ್ಗೇಶ, "ಒಲಿ ಕಾವು ಇರಬೇಕು ನೋಡವಾ. ಡಾಕ್ಟರ್ ಅಂದಿಲ್ಲೇನು?"

ಅವಳು ಫೋನ್ ಇಟ್ಟಳು. ರಕ್ತ ಒರೆಸಲು ನಾನು ಸೆರಗು ಎತ್ತಿದೆ.

"ಒರಸಬ್ಯಾಡ್ರಿ ಅಮ್ಮಾ. ಪೊಲೀಸ್ರು ಹಸೀದಿದ್ದಾಗನ ನೋಡ್ಲಿ."

ದೇವರ ದೀಪ ಹಚ್ಚುವುದನ್ನು ಸೊಸೆಗೆ ಒಪ್ಪಿಸಿ, ನಾನು ಅವಳ ಕೈ ಹಿಡಿದು ಪೊಲೀಸ್ ಠಾಣೆಯ ಕಡೆ ನಡೆದೆ.