ಬಾಗಿಲು ಬಡಿದವರ ಅಧ್ಯಕ್ಷೆ

ಬೆಳಕು ಹರಿಯುವುದರೊಳಗೆ ಚಿಕ್ಕಗೌರಮ್ಮ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು: ಕೊಟ್ಟಿಗೆಯ ಸಗಣಿ ಬಾಚುವುದು, ಎಮ್ಮೆಗೆ ಹಿಂಡಿ ಕಲಸಿಟ್ಟು ಹಾಲು ಕರೆಯುವುದು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯುವುದು, ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕಿ ಊದುವುದು, ಅತ್ತೆ ತಿಮ್ಮಕ್ಕನಿಗೆ ಬಿಸಿನೀರು, ಗಂಡ ಮಾಯಣ್ಣನಿಗೆ ಕಾಫಿ, ಮೊದಲಿನದು ಬರೀ ಬೆಚ್ಚಗಿತ್ತೆಂದು ಅತ್ತೆಗೆ ಇನ್ನೊಂದು ಸಲ ಬಿಸಿನೀರು, ಮುದ್ದೆಗೆ ಎಸರು, ಸಾರಿಗೆ ಕಾಯಿತುರಿ, ಕೊನೆಗೆ ಮಾಯಣ್ಣನ ಕಳೆದುಹೋದ ಟವೆಲನ್ನು ಮಾಯಣ್ಣನ ಹೆಗಲ ಮೇಲಿಂದಲೇ ಹುಡುಕಿಕೊಡುವುದು. ಇಷ್ಟೆಲ್ಲ ಆದ ಮೇಲೆ ಸೀರೆ ಬದಲಿಸಿ ತಿಪಟೂರಿನ ತೆಂಗಿನ ಪುಡಿ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯವರೆಗೆ ಮಾಡಿದ್ದಕ್ಕೆ ಕೆಲಸ ಎಂಬ ಹೆಸರಿರಲಿಲ್ಲ.

ಕಾರ್ಖಾನೆಯಲ್ಲಿ ಅವಳು ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರ ಮೇಲ್ವಿಚಾರಕಿ. ಚಾಕು ಜಾರಿ ಬೆರಳು ಕೊಯ್ದುಕೊಂಡವರಿಗೆ ಹಚ್ಚಲು ಹತ್ತಿ, ಟಿಂಚರು ಇರುವ ಪೆಟ್ಟಿಗೆಯೂ ಅವಳ ವಶದಲ್ಲಿತ್ತು. ಒಂದು ದಿನ ಇನ್‌ಸ್ಪೆಕ್ಟರು ಬಂದು, "ನಿಮ್ಮಲ್ಲಿ ಸುರಕ್ಷತೆ ಯಾರು ನೋಡ್ಕೋತಾರೆ?" ಎಂದು ಕೇಳಿದಾಗ ಮಾಲೀಕರು ಸುತ್ತ ಕಣ್ಣಾಡಿಸಿದರು. ಪೆಟ್ಟಿಗೆ ಹಿಡಿದು ನಿಂತಿದ್ದವಳು ಗೌರಮ್ಮ ಒಬ್ಬಳೇ. "ಇವ್ರೇ ಸಾರ್" ಎಂದುಬಿಟ್ಟರು. ಹಾಗೆ ಅವಳು ಸುರಕ್ಷತಾ ಅಧಿಕಾರಿಯಾದಳು.

ಅಧ್ಯಕ್ಷೆಯಾದದ್ದೂ ಹೆಚ್ಚು ಕಡಿಮೆ ಹಾಗೆಯೇ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನ ಸುರಕ್ಷತಾ ಸಂಘವೊಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಿಲ್ಲು, ಕಾರ್ಖಾನೆಗಳಿಗೆಲ್ಲ ಸೇರಿಸಿ ಒಂದು ಶಾಖೆ ತೆರೆಯಿತು. ತಿಪಟೂರಿನ ಎಣ್ಣೆ ಮಿಲ್ಲಿನ ಮ್ಯಾನೇಜರು ಮರುಳಪ್ಪ ತಾವೇ ಅಧ್ಯಕ್ಷರಾಗುವುದೆಂದುಕೊಂಡು ಹೊಸ ಪ್ಯಾಂಟು ಹೊಲಿಸಿದ್ದರು. ತುರುವೇಕೆರೆಯ ನಾರಿನ ಕಾರ್ಖಾನೆಯ ಸಣ್ಣತಿಮ್ಮಯ್ಯನೂ ಹೊಲಿಸಿದ್ದ.

"ತಿಪಟೂರಿನೋರು ಅಧ್ಯಕ್ಷರಾದ್ರೆ ನಮ್ಮೂರಿನ ಅರ್ಧ ಜನ ರಾಜೀನಾಮೆ ಕಣ್ರೀ" ಎಂದ ಸಣ್ಣತಿಮ್ಮಯ್ಯ.

"ನೀನು ಅಧ್ಯಕ್ಷನಾದ್ರೆ ಇನ್ನರ್ಧ ಜನನ ನಾನೇ ಆಚೆ ಕರ್ಕೊಂಡೋಗ್ತೀನಿ" ಎಂದರು ಮರುಳಪ್ಪ.

ಮಧ್ಯಾಹ್ನವಾದರೂ ತೀರ್ಮಾನವಾಗಲಿಲ್ಲ. ಆಗ ಗೌರಮ್ಮ ಎಲ್ಲರಿಗೂ ಕಾಫಿ ತಂದು ಕೊಟ್ಟಳು. ಇಬ್ಬರೂ ಅವಳನ್ನು ನೋಡಿದರು, ಲೋಟ ನೋಡಿದರು, ಪರಸ್ಪರ ಮುಖ ನೋಡಿಕೊಂಡರು. ಯಾರ ದಾರಿಗೂ ಅಡ್ಡ ಬರದ ಹೆಂಗಸು, ಕಾಫಿಯೂ ಚೆನ್ನಾಗಿದೆ. ಚಪ್ಪಾಳೆ ಬಿತ್ತು. ಅಂದಿನಿಂದ ಪ್ರತಿ ಸಭೆಯ ನಡಾವಳಿಯ ಮೊದಲ ಸಾಲು ಒಂದೇ: ಅಧ್ಯಕ್ಷರು ಕಾಫಿ ಕೊಟ್ಟ ಮೇಲೆ ಸಭೆ ಆರಂಭವಾಯಿತು. ಕಾರ್ಯದರ್ಶಿಯಾದ ಮರುಳಪ್ಪ ಅದನ್ನು ಬಹಳ ಗೌರವದಿಂದ ಬರೆಯುತ್ತಿದ್ದರು.

ಆದರೆ ಗೌರಮ್ಮ ಕಾಫಿಗಷ್ಟೇ ನಿಲ್ಲಲಿಲ್ಲ. ಗಾಣದ ಎತ್ತುಗಳು ಹೋಗಿ ಮೋಟರು, ಬೆಲ್ಟು ಬಂದ ಕಾಲ ಅದು. ಎತ್ತು ಹಾಯುವ ಮುಂಚೆ ಒಂದು ಸಲ ತಲೆಯಾದರೂ ಆಡಿಸುತ್ತಿತ್ತು. ಬೆಲ್ಟು ಹೇಳದೆ ಕೇಳದೆ ಸೆರಗು ಎಳೆಯುತ್ತಿತ್ತು. ಯಂತ್ರದ ಹತ್ತಿರ ಹೋಗುವ ಹೆಂಗಸರೆಲ್ಲ ಸೀರೆಯ ಮೇಲೆ ತುಂಬುತೋಳಿನ ಶರ್ಟು ಹಾಕಬೇಕೆಂದು ಅವಳು ಅಪ್ಪಣೆ ಮಾಡಿದಳು. ಮರುದಿನವೇ ಗಂಡಂದಿರ ಗುಂಪೊಂದು ಗೇಟಿಗೆ ಬಂತು.

"ನನ್ ಶರ್ಟು ಅವಳು ಹಾಕ್ಕಂಡೋದ್ರೆ ನಾನೇನ್ ಹಾಕ್ಕಳಾನ ಅಕ್ಕ?" ಎಂದ ಮುಂದೆ ನಿಂತವನು.

"ಆ ಶರ್ಟು ಒಗೆಯೋರು ಯಾರಪ್ಪ?"

"ಅವಳೇ."

"ಗುಂಡಿ ಕಿತ್ತೋದ್ರೆ ಹಾಕೋರು?"

"ಅವಳೇ ಕಣಕ್ಕ."

"ಮತ್ತೆ ನಿನ್ದು ಹೆಂಗಾಯ್ತು ಅದು?"

ಗುಂಪು ಇದನ್ನು ಯೋಚಿಸುತ್ತಲೇ ಮನೆಗೆ ಹೋಯಿತು. ಯೋಚಿಸಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಶರ್ಟು ರೂಢಿಯಾಗಿತ್ತು.

ಕನ್ನಡಕಗಳು ಬಂದವು. ನಾರಿನ ಧೂಳಿಗೆಂದು ಕೊಟ್ಟ ಕನ್ನಡಕವನ್ನು ಸಣ್ಣತಿಮ್ಮಯ್ಯ ಅಕ್ಕನ ಮಗನ ಮದುವೆಗೆ ಹಾಕಿಕೊಂಡು ಹೋಗಿ, ಮದುಮಗನಿಗಿಂತ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಆಮೇಲೆ ಹಳದಿ ಹೆಲ್ಮೆಟ್ಟುಗಳು ಬಂದವು. ಅವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಅದಕ್ಕೆ ಕಾರಣವಿತ್ತು. ತೆಂಗಿನ ಸೀಮೆಯವರ ಗಟ್ಟಿ ನಂಬಿಕೆ ಏನೆಂದರೆ, ತೆಂಗಿಗೆ ಕಣ್ಣಿದೆ. ತಪ್ಪು ಮಾಡದವರ ತಲೆಯ ಮೇಲೆ ಕಾಯಿ ಬೀಳುವುದಿಲ್ಲ. ಮರದಿಂದಾಗಲಿ, ಲಾರಿಯಿಂದಾಗಲಿ, ಅಟ್ಟದಿಂದಾಗಲಿ, ಬಿದ್ದರೆ ಅವನು ಏನೋ ಮಾಡಿದ್ದಾನೆಂದೇ ಅರ್ಥ. ಹೀಗಿರುವಾಗ ಹೆಲ್ಮೆಟ್ಟು ಹಾಕುವುದೆಂದರೆ ಮುಂಗಡವಾಗಿ ತಪ್ಪೊಪ್ಪಿಕೊಂಡಂತೆ. ತಿಮ್ಮಕ್ಕ ಒಂದು ಹೆಲ್ಮೆಟ್ಟಿಗೆ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದಳು. ಅದೊಂದು ಉಪಯೋಗಕ್ಕೆ ಬಂತು.

ಹಾಗೆಂದು ಕಾಯಿಗಳೇನೂ ಬೀಳದೆ ಇರುತ್ತಿರಲಿಲ್ಲ. ರಾಶಿ ಜಾರುತ್ತಿತ್ತು, ಲಾರಿಯ ಹಲಗೆ ಕಳಚುತ್ತಿತ್ತು, ಹಣೆಗಳು ಊದುತ್ತಿದ್ದವು. ಟಿಂಚರಿಗೆ ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಬಾಗಿಲು ಬಡಿಯಿತು.

ಮರ ಹತ್ತುವ ಗಿಡ್ಡಯ್ಯ ಒಮ್ಮೆ ಶೆಟ್ಟಿಕೆರೆ ಕಡೆಯ ತೋಟದಿಂದ ನೆತ್ತಿ ಹಿಡಿದುಕೊಂಡು ಬಂದ.

"ಏನಾಯ್ತೋ ಗಿಡ್ಡಯ್ಯ?"

"ಬಾಗ್ಲು ಬಡೀತು ಕಣಕ್ಕ."

"ತೋಟದಲ್ಲಿ ಯಾವ ಬಾಗ್ಲೋ?"

"ಬೇಲಿ ಬಾಗ್ಲು."

"ಅದು ನಿನ್ನ ಸೊಂಟದುದ್ದ ಐತಲ್ಲೋ. ನೆತ್ತಿಗೆ ಹೆಂಗ್ ಬಡೀತು?"

ಗಿಡ್ಡಯ್ಯ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಬಗ್ಗಿದ್ದೆ ಕಣಕ್ಕ" ಎಂದ. ಆಮೇಲೆ ಕೈ ಮುಗಿದು, "ಮಗಳಿಗೆ ಗಂಡು ಗೊತ್ತಾಗೈತೆ. ಬಾಗ್ಲು ಅಂತ್ಲೇ ಬರ್ಕೊಂಬುಡಕ್ಕ" ಎಂದ. ಗೌರಮ್ಮ ಬರೆದುಕೊಂಡಳು.

ಶಾಖೆಯ ವರದಿಗಳನ್ನು ಓದಿದ ಬೆಂಗಳೂರಿನವರು ದಂಗಾದರು. ರಾಜ್ಯದಲ್ಲಿ ಬೇರೆಲ್ಲೂ ಇಷ್ಟೊಂದು ಬಾಗಿಲುಗಳು ಇಷ್ಟೊಂದು ಜನರಿಗೆ ಬಡಿದಿರಲಿಲ್ಲ. ಬಾಗಿಲುಗಳನ್ನು ಎತ್ತರಿಸಿ ಎಂದು ಸುತ್ತೋಲೆ ಬಂತು. ಮಾಲೀಕರು ಗೊಣಗುತ್ತಲೇ ಎತ್ತರಿಸಿದರು. ಆನೆ ಬಗ್ಗದೆ ಒಳಗೆ ಬರುವಷ್ಟು ಎತ್ತರವಾದ ಬಾಗಿಲುಗಳೂ ಮರುಳಪ್ಪನವರ ಮಿಲ್ಲಿನಲ್ಲಿ ಐದಡಿಯ ಆಳುಗಳಿಗೆ ಬಡಿಯುತ್ತಲೇ ಹೋದವು. ಕೊನೆಗೆ ಒಬ್ಬ ಇಂಜಿನಿಯರು ಟೇಪು ಹಿಡಿದು ಬಂದರು. ಎಲ್ಲ ಅಳೆದು, ಯಾವ ದೋಷವೂ ಕಾಣದೆ, ಅದನ್ನೇ ಯೋಚಿಸುತ್ತಾ ಹೊರಟವರು ಕಾಫಿ ಹೋಟೆಲಿನ ಬಾಗಿಲಿಗೆ ಹಣೆ ಬಡಿಸಿಕೊಂಡರು. ಶಾಖೆಯ ಇತಿಹಾಸದಲ್ಲಿ ನಿಜವಾಗಿ ಬಾಗಿಲು ಬಡಿದವರು ಅವರೊಬ್ಬರೇ.

ಬಾಗಿಲು ಬಡಿದದ್ದು ಅವರವರ ಅಜಾಗರೂಕತೆ, ಕೆಲಸದ ಅಪಘಾತವಲ್ಲ ಎಂದು ಬೆಂಗಳೂರಿನವರು ತೀರ್ಮಾನಿಸಿದರು. ಹಾಗೆ ಅವನ್ನೆಲ್ಲ ಲೆಕ್ಕದಿಂದ ಕಳೆದಾಗ ಶಾಖೆಯಲ್ಲಿ ಅಪಘಾತವೇ ಉಳಿಯಲಿಲ್ಲ. ಎಂಬತ್ತಾರರಲ್ಲಿ ರಾಜ್ಯದ ಅತ್ಯುತ್ತಮ ಶಾಖೆಯ ಫಲಕ ತಿಪಟೂರಿಗೆಂದು ಘೋಷಣೆಯಾಯಿತು. ಮುಖ್ಯ ಅತಿಥಿಗಳು ರೈಲಿನಲ್ಲಿ ಬಂದು ಫಲಕ ಕೊಡುವುದು, ಅಧ್ಯಕ್ಷೆ ಅದನ್ನು ಪಡೆದು, 'ಈ ವರ್ಷ ನಮ್ಮಲ್ಲಿ ಕೆಲಸದ ಜಾಗದಲ್ಲಿ ಒಬ್ಬರಿಗೂ ಪೆಟ್ಟಾಗಿಲ್ಲ' ಎಂದು ಸಭೆಗೆ ಹೇಳುವುದು ಎಂದು ನಿಗದಿಯಾಯಿತು.

"ಊಟ ಹೋಟ್ಲಲ್ಲಿ ಹಾಕ್ಸಿದ್ರೆ ಮರ್ಯಾದೆ ಇರಲ್ಲ" ಎಂದರು ಮರುಳಪ್ಪ. "ಅಧ್ಯಕ್ಷರ ಮನೇಲೇ ಆಗ್ಲಿ."

"ಎಷ್ಟು ಜನಕ್ಕೆ ಸಾರ್?" ಎಂದು ಅಧ್ಯಕ್ಷೆ ಕೇಳಿದಳು.

"ಎಲ್ಲಾ ನಮ್ಮೋರೇ ಬುಡಿ ಮೇಡಂ."

ಫಲಕ ಕೊಡುವ ದಿನ ಬೆಳಿಗ್ಗೆ ಗೌರಮ್ಮ ನಿತ್ಯದ ಕೆಲಸಗಳ ಮೇಲೆ ಒಬ್ಬಟ್ಟಿಗೆ ಬೇಳೆಯನ್ನೂ ಇಟ್ಟಿದ್ದಳು. ಅಡುಗೆಮನೆಯ ಮೇಲೆ ಬಿದಿರಿನ ಅಟ್ಟ. ಆ ಸೀಮೆಯಲ್ಲಿ ಕೊಬ್ಬರಿ ಆಗುವುದೇ ಹಾಗೆ: ಸುಲಿಯದ ಕಾಯಿಗಳನ್ನು ಅಟ್ಟದಲ್ಲಿ ತುಂಬಿಟ್ಟರೆ ಕೆಳಗಿನ ಒಲೆಯ ಹೊಗೆ, ಬಿಸಿ ತಾಗಿ ವರ್ಷದೊಳಗೆ ಒಳಗಿನ ನೀರು ಇಂಗಿ ಇಡೀ ಕೊಬ್ಬರಿ ಗಿಟುಕಾಗುತ್ತದೆ. ಗೌರಮ್ಮ ಊದುವ ಹೊಗೆಯಲ್ಲಿ ಮಾಯಣ್ಣನ ಕೊಬ್ಬರಿ ಒಣಗುತ್ತಿತ್ತು. ಮಂಡಿಯಲ್ಲಿ ಅದಕ್ಕೆ ಮಾಯಣ್ಣನ ಕೊಬ್ಬರಿ ಎಂದೇ ಹೆಸರು. ಧಾರಣೆ ಏರಲಿ ಎಂದು ಅವನು ಹೋದ ವರ್ಷದ ಕಾಯಿ ಇಳಿಸದೆ ಅದರ ಮೇಲೆ ಈ ವರ್ಷದ್ದನ್ನೂ ಏರಿಸಿದ್ದ. ಅಟ್ಟ ನಡುವೆ ಬಸುರಿಯ ಹೊಟ್ಟೆಯಂತೆ ಜೋತಿತ್ತು. "ಅಟ್ಟಕ್ಕೆ ಒಂದು ಊರೆಗಂಬ ಕೊಡಿ ಅಂದ್ನಲ್ಲ" ಎಂದು ಅವಳು ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನೋಡಾನ ಬುಡು."

ಬೇಳೆ ನೋಡಲು ಬಗ್ಗಿ ಎದ್ದಾಗ ಮೇಲೆ ಏನೋ ಲಟಕ್ಕೆಂದಿತು. ಒಂದು ಕಾಯಿ ಹಿಟ್ಟಿನ ಡಬ್ಬಿಯ ಮೇಲೆ ಬಿತ್ತು, ಇನ್ನೊಂದು ಬಿಂದಿಗೆಯ ಮೇಲೆ. ಮೂರನೆಯದು ಗೌರಮ್ಮನ ಹಣೆ ಸವರಿಕೊಂಡು ಹೋಗಿ ಮೂಲೆಯಲ್ಲಿ ನಿಂತಿತು. ಅವಳು ಗೋಡೆ ಹಿಡಿದು ಕೂತಳು.

ತಿಮ್ಮಕ್ಕ ಓಡಿಬಂದಳು. ಬಂದವಳು ಮೊದಲು ಕಿಟಕಿ ಮುಚ್ಚಿದಳು. "ಯಾರಾದ್ರೂ ನೋಡುದ್ರೇನೇ ಗೌರಿ?"

ಮಾಯಣ್ಣ ಓಡಿಬಂದು ಮೂಲೆಯ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಒಡೆದಿಲ್ಲ ಬುಡು" ಎಂದು ಸಮಾಧಾನಪಟ್ಟ.

"ನನ್ನ ತಲೆನಾ?" ಎಂದಳು ಗೌರಮ್ಮ.

"ಅದೂನೂವೆ" ಎಂದ.

ಅಷ್ಟರಲ್ಲಿ ಊಟದ ಏರ್ಪಾಟು ನೋಡಲು ಮರುಳಪ್ಪನವರೂ ಬಂದರು. ಹಣೆಯ ಮೇಲೆ ಅಡಿಕೆಯಷ್ಟಿದ್ದ ಗಡ್ಡೆ ನಿಂಬೆಹಣ್ಣಾಗುವುದನ್ನು ಅವರು ನಿಂತು ನೋಡಿದರು. "ಬಾಗ್ಲು" ಎಂದರು, ಮೆಲ್ಲಗೆ, ಮಂತ್ರ ಹೇಳಿಕೊಡುವ ಹಾಗೆ. "ಬಾಗ್ಲು ಬಡೀತು ಅಂದ್ಬುಡಿ ಮೇಡಂ. ಕಾಯಿ ಅಂದ್ರೆ ಇದುವರ್ಗೂ ಬರ್ದಿರೋ ಬಾಗ್ಲುಗಳನ್ನೆಲ್ಲಾ ತೆಗೆಸಿ ನೋಡ್ತಾರೆ. ಫಲಕ ಹೋಯ್ತು, ಶಾಖೆನೂ ಹೋಯ್ತು."

"ಕೆಲ್ಸ ಮಾಡೋವಾಗ ಬಿದ್ದಿದ್ದಲ್ವಾ ಸಾರ್?"

"ಅಡುಗೆಮನೆ ಕೆಲಸದ ಜಾಗ ಅಲ್ವಲ್ಲ ಮೇಡಂ."

"ಹಂಗಾದ್ರೆ ಇಲ್ಲಿ ನಾನೇನ್ ಮಾಡ್ತಿದ್ದೆ?"

ಮರುಳಪ್ಪ ಪ್ರಾಮಾಣಿಕವಾಗಿಯೇ ಯೋಚಿಸಿದರು. "ಮನೇಲಿದ್ರಿ" ಎಂದರು.

"ಫಲಕ ಹಾಳಾಗೋಗ್ಲಿ" ಎಂದು ತಿಮ್ಮಕ್ಕ ಸೊಸೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ಗಂಡಸಿನ ತಲೆ ಮೇಲೆ ಬಿದ್ರೆ ತೂಕದಲ್ಲಿ ಮೋಸ ಮಾಡಿರ್ಬೇಕು ಅಂತಾರೆ. ಹೆಂಗಸಿನ ತಲೆ ಮೇಲೆ ಬಿದ್ರೆ ಏನಂತಾರೆ ಅಂತ ನಿಂಗೊತ್ತಿಲ್ವೇನೇ? ಮೀಟಿಂಗು ಮೀಟಿಂಗು ಅಂತ ಇವ್ರ ಜೀಪಲ್ಲಿ ಹುಳಿಯಾರು, ತುರುವೇಕೆರೆ ಅಂತ ತಿರುಗಿದೀಯ. ಜನುಕ್ಕೆ ಇನ್ನೇನ್ ಬೇಕು?"

ಮರುಳಪ್ಪ ಜೀಪಿನ ಮಾತು ಬಂದೊಡನೆ ಎರಡು ಹೆಜ್ಜೆ ಹಿಂದೆ ಸರಿದು ಹೊಸ್ತಿಲಿನ ಆಚೆಗೆ ನಿಂತರು.

ಗೌರಮ್ಮನಿಗೆ ಗೊತ್ತಿತ್ತು. ಏಳೆಂಟು ವರ್ಷ ಅಧ್ಯಕ್ಷೆಯಾಗಿ ಗಳಿಸಿದ ಹೆಸರು ಒಂದು ಕಾಯಿಯ ತೂಕಕ್ಕೆ ನಿಲ್ಲುವಂಥದ್ದಲ್ಲ.

"ಸೆರಗು ಮುಂದಕ್ಕೆ ಎಳ್ಕಂಡ್ರೆ ಕಾಣಾಕಿಲ್ಲ" ಎಂದ ಮಾಯಣ್ಣ. "ಅಟ್ಟ ನಾಳೆ ನೋಡಾನ. ಈಗ ಒಬ್ಬಟ್ಟು ತಡ ಆಯ್ತದೆ." ಹೀಗೆಂದು ಬಾಳೆ ಎಲೆ ಕೊಯ್ಯಲು ತೋಟಕ್ಕೆ ಹೋದ. ಅತಿಥಿಗಳನ್ನು ಕರೆತರಲು ಮರುಳಪ್ಪ ಸ್ಟೇಷನ್ನಿಗೆ ಹೋದರು. ದೊಡ್ಡ ತಪ್ಪಲೆ ಕೇಳಿಕೊಂಡು ಬರಲು ತಿಮ್ಮಕ್ಕ ಪಕ್ಕದ ಮನೆಗೆ ಹೊರಟಳು. "ಹಂಗೇ ಬಾಗ್ಲು ಬಡೀತು ಅಂತ ಮೊದ್ಲೇ ಹೇಳ್ಬುಟ್ ಬತ್ತೀನಿ" ಎಂದಳು. ಗಡ್ಡೆ ಅಡಗಿಸುವುದು ಹೇಗೆಂದು ಮೂವರೂ ಹೇಳಿದ್ದರು. ಅಟ್ಟದ ಕೆಳಗೆ ಮತ್ತೆ ಯಾರು ನಿಲ್ಲಬೇಕು ಎಂಬುದನ್ನು ಯಾರೂ ಹೇಳಿರಲಿಲ್ಲ. ಅದು ಹೇಳುವ ವಿಷಯವೆಂದು ಅವರಿಗೆ ಅನಿಸಿರಲಿಲ್ಲ.

ಮನೆ ಖಾಲಿಯಾಯಿತು. ಬೇಳೆ ತಕಪಕ ಕುದಿಯುತ್ತಿತ್ತು. ಗೌರಮ್ಮ ಮೇಲೆ ನೋಡಿದಳು. ಬಿದಿರಿನ ಸಂದಿಯಲ್ಲಿ ಇನ್ನೊಂದು ಕಾಯಿ ಅರ್ಧ ಇಣುಕಿ ನಿಂತಿತ್ತು. ಅದರ ಕಣ್ಣಿಗೆ ತಾನು ಹೇಗೆ ಕಾಣುತ್ತಿರಬಹುದೆಂದು ಅವಳು ಯೋಚಿಸಿದಳು. ಬೆಳಗಿನಿಂದ ಮಾಡಿದ್ದೆಲ್ಲ ನೆನಪಿಗೆ ಬಂತು. ತಪ್ಪೆಂದು ಹೆಸರಿಡುವಂಥದ್ದನ್ನು ಹುಡುಕಿದಳು. ಎಮ್ಮೆಗೆ ಹಿಂಡಿ ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೆ.

ಬಾಗಿಲು ಎಂದರೆ ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಫಲಕ. ಸಂಜೆಗೆ ಮತ್ತೆ ಇದೇ ಅಟ್ಟ, ಇದೇ ಒಲೆ. ಕಾಯಿ ಎಂದರೆ ಸಂಜೆಯೊಳಗೆ ಊರೆಲ್ಲ ಅವಳ ಮಾತೇ.

ಬೇಳೆಯ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಕೆಳಗಿಳಿಸಿದಳು. ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ಉರಿಯುವ ಒಲೆಗೆ ಸುರಿದಳು. ಚುಸ್ಸೆಂದು ಬೂದಿ ಎದ್ದು ಮುಖಕ್ಕೆ ಬಡಿಯಿತು, ಕೆಮ್ಮು ಬಂತು. ಕೆಮ್ಮುತ್ತಲೇ ಹೊರಗೆ ಬಂದು ಜಗಲಿಯ ಮೇಲೆ, ರಸ್ತೆಗೆ ಎದುರಾಗಿ, ಜೀಪು ಬರುವ ದಿಕ್ಕಿಗೆ ಹಣೆ ಮಾಡಿ ಕೂತಳು. ಜಾರಿ ಮುಂದಕ್ಕೆ ಬಂದ ಸೆರಗನ್ನು ಹಿಂದಕ್ಕೆ ತಳ್ಳಿ ಸೊಂಟಕ್ಕೆ ಸಿಕ್ಕಿಸಿದಳು. ಕೇಳಿದವರಿಗೆ ಹೇಳಬೇಕಾದ ಮಾತನ್ನು ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಸ್ವಲ್ಪ ಜೋರಾಗಿ ಹೇಳಿ ನೋಡಿಕೊಂಡಳು:

"ಕಾಯಿ ಬಿತ್ತು. ಕೆಲ್ಸ ಮಾಡ್ತಿದ್ದೆ."