ಕೇಳದೆ ಹೊಗಳಿದ ಮೂರನೇ ಹಾಡು

ಆ ಸಿ.ಡಿ.ಯನ್ನು ಕೇಳದೆಯೇ ‘ಸೂಪರ್’ ಎಂದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಅದಕ್ಕೆ ಅಷ್ಟು ದೊಡ್ಡ ಶಿಕ್ಷೆಯೇ? ನಮ್ಮೂರಲ್ಲಿ ಪಾಯಸ ಬಾಯಿಗಿಡುವ ಮೊದಲೇ ಚೆನ್ನಾಗಿದೆ ಎನ್ನುತ್ತೇವೆ. ಮದುವೆ ಆಲ್ಬಂ ತೆರೆಯುವ ಮೊದಲೇ ಹುಡುಗಿ ಲಕ್ಷಣವಾಗಿದ್ದಾಳೆ ಎನ್ನುತ್ತೇವೆ. ಅದಕ್ಕಾಗಿ ಇದುವರೆಗೆ ಯಾರೂ ರಜೆ ಕಳೆದುಕೊಂಡದ್ದು ನಾನು ಕಂಡಿಲ್ಲ. ನಾನು ಮಾತ್ರ ಕಳೆದುಕೊಂಡೆ.

ಇದು 2010ರ ದಶಕದ ಆರಂಭದ ಮಾತು. ಸೌದಿಯ ಜುಬೈಲಿನ ಒಂದು ಹೊಸ ಪ್ಲಾಂಟಿನಲ್ಲಿ ನಾನು ಟೆಕ್ನಿಷಿಯನ್. ಯಂತ್ರದ ಹತ್ತಿರ ಕೂರಿಸಿದ ಮೀಟರ್ ತೋರಿಸುವುದೂ ಕಂಟ್ರೋಲ್ ರೂಮಿನ ಪರದೆ ತೋರಿಸುವುದೂ ಒಂದೇ ಇದೆಯೇ ಎಂದು ನೋಡಿ, ಮೀಟರಿಗೊಂದರಂತೆ ಹಾಳೆಯ ಮೇಲೆ ಟಿಕ್ ಹಾಕಿ ಸಹಿ ಮಾಡುವುದು ನನ್ನ ಕೆಲಸ. ಅದರ ಕೆಳಗೆ ಜಪಾನಿನಿಂದ ಬಂದ ಇಂಜಿನಿಯರ್ ಸಹಿ ಹಾಕಬೇಕು. ಮೂವತ್ತೆಂಟು ಹಾಳೆಗೂ ಅವರ ಸಹಿ ಬಿದ್ದರೆ ಮರುದಿನವೇ ನನಗೆ ರಜೆ. ಊರಲ್ಲಿ ಹತ್ತು ತಿಂಗಳ ಮಗಳಿದ್ದಳು. ಅವಳನ್ನು ನಾನು ಲ್ಯಾಪ್‌ಟಾಪಿನ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ಇಂಜಿನಿಯರ್ ಐವತ್ತು ದಾಟಿದವರು. ಹೆಲ್ಮೆಟ್ಟನ್ನು ದಿನಕ್ಕೆ ನಾಲ್ಕು ಸಲ ಟಿಶ್ಯೂನಿಂದ ಒರೆಸುವಷ್ಟು ಶಿಸ್ತು. ಒಂದು ದಿನ ಊಟದ ಹೊತ್ತಿನಲ್ಲಿ ಎರಡು ಪೆನ್ನು ಹಿಡಿದು ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ನಾನು ಸುಮ್ಮನಿರಬಾರದಿತ್ತೇ? “ಸರ್, ನೀವು ಸಂಗೀತಗಾರರಾ?” ಎಂದು ಕೇಳಿದೆ. ಅವರು ಪೆನ್ನುಗಳನ್ನು ಜೇಬಿಗೆ ಹಾಕಿ ಎದ್ದರು. ಮರುದಿನ ಎರಡೂ ಕೈಯಲ್ಲಿ ಹಿಡಿದು ಒಂದು ಸಿ.ಡಿ. ಕೊಟ್ಟರು. ಕಪ್ಪು ಬಿಳುಪಿನ ಕವರಿನ ಮೇಲೆ ಕೂದಲು ಕೆದರಿದ ಮೂವರು ಹುಡುಗರು. ಅದರಲ್ಲಿ ಡ್ರಮ್ಸ್ ಬಾರಿಸಿದ್ದು ತಾವು, ಅದು ತಮ್ಮ ತಂಡದ ಮೊದಲ ಮತ್ತು ಕೊನೆಯ ರಾಕ್ ಆಲ್ಬಂ ಎಂದರು. ನಾನು ಬ್ಯಾಗಿಗೆ ಹಾಕಿಕೊಂಡೆ. ಅದು ಅಲ್ಲೇ ಟಿಫಿನ್ ಡಬ್ಬಿಯ ಕೆಳಗೆ ಎರಡು ವಾರ ಬಿದ್ದಿತ್ತು.

ಕೊನೆಯ ಹಾಳೆಗೆ ನನ್ನ ಸಹಿ ಬಿದ್ದ ದಿನ ಅವರು ಕೇಳಿದರು, “ಆಲ್ಬಂ ಹೇಗಿತ್ತು?”

“ಸೂಪರ್ ಸರ್.”

“ಯಾವ ಹಾಡು ಹಿಡಿಸಿತು?”

ಒಂದನೆಯದು ಎಂದರೆ ಅಷ್ಟೇ ಕೇಳಿದ್ದಾನೆ ಎಂದುಕೊಂಡಾರು ಎಂದು ನನ್ನ ಬುದ್ಧಿವಂತಿಕೆ ಓಡಿತು. “ಮೂರನೆಯದು ಸರ್. ಅದು ಸೂಪರ್.”

ಅವರು ತಲೆಬಾಗಿಸಿ ಹೊರಟುಹೋದರು. ಒಂದು ಗಂಟೆಯೊಳಗೆ ನಮ್ಮ ಸೂಪರ್‌ವೈಸರ್ ಓಡಿಬಂದರು. ನಾನು ಸಹಿ ಮಾಡಿದ ಮೂವತ್ತೆಂಟೂ ಮೀಟರುಗಳನ್ನು ಇಂಜಿನಿಯರ್ ತಮ್ಮ ಕಣ್ಣೆದುರು ಮತ್ತೆ ಪರೀಕ್ಷಿಸಬೇಕೆಂದಿದ್ದಾರಂತೆ. ಕಾರಣ ಹೇಳಿಲ್ಲವಂತೆ. ನನ್ನ ಟಿಕೆಟ್ ಮುಂದಕ್ಕೆ ಹೋಯಿತು.

ಬೈದಿದ್ದರೆ ಒಂದು ಲೆಕ್ಕ. ಆ ಮನುಷ್ಯ ಬೈಯಲೂ ಇಲ್ಲ. ಬಿಸಿಲಿಗೆ ಕಬ್ಬಿಣದ ಏಣಿ ಕೈ ಸುಡುತ್ತಿರುವಾಗ ನನ್ನ ಪಕ್ಕದಲ್ಲೇ ಹತ್ತಿ ಬಂದು, ಪ್ರತಿ ಮೀಟರಿನ ಮುಚ್ಚಳ ಬಿಚ್ಚಿಸಿ, ನೋಡಿ, ಮುಚ್ಚಿಸಿದರು. ದಿನಕ್ಕೆ ನಾಲ್ಕು ಮುಗಿದರೆ ಹೆಚ್ಚು. ನಾಲ್ಕನೇ ದಿನ ಕ್ಯಾಂಪಿಗೆ ಬಂದು ಭಟ್ಕಳದ ರೂಮ್‌ಮೇಟಿನ ಹತ್ತಿರ ನನ್ನ ಗೋಳು ಹೇಳಿಕೊಂಡೆ.

“ಎಂತ ಮಾರಾಯ, ಕೇಳಿ ಹೇಳ್ಲಿಕ್ಕೆ ನಿಂಗೆ ಎಂತ ಕಷ್ಟ ಇತ್ತು?” ಎಂದ ಅವನು.

“ಒಂದು ಒಳ್ಳೆ ಮಾತು ಹೇಳಿದ್ದಕ್ಕೆ ಇಷ್ಟೆಲ್ಲಾ ಉಂಟಾ?”

“ಅದಿರ್ಲಿ, ಆ ಮೂರನೇದ್ರಲ್ಲಿ ಎಂತ ಉಂಟಂತೆ? ಈಗಾದ್ರೂ ಕೇಳು.” ತನ್ನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕಿ ಹಾಡುಗಳನ್ನು ನನ್ನ ಮೊಬೈಲಿಗೆ ತುಂಬಿಸಿಕೊಟ್ಟ.

ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ದೇವರೇ! ಕಾಂಕ್ರೀಟಿನ ಮೇಲೆ ತಗಡು ಎಳೆದಂಥ ಗಿಟಾರ್. ಹಾಡುವವನು ಹಾಡುತ್ತಿಲ್ಲ, ಯಾರ ಮೇಲೋ ಜಗಳಕ್ಕೆ ಹೋಗಿದ್ದಾನೆ. ಡ್ರಮ್ಸ್ ಅಂತೂ ಬಾಗಿಲು ಒಡೆದು ಬಂದಂತಿತ್ತು. ಎರಡು ಹಾಡು ಮುಗಿಯುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಮೂರನೆಯದು ಬಂತು. ಯಾರೋ ಒಂದು, ಎರಡು ಎಂದು ಎಣಿಸಿದಂತೆ ಕೇಳಿತು, ಒಂದು ಏಟು ಬಿತ್ತು, ಡ್ರಮ್ಸಿನ ಕೋಲು ಚಟ್ ಎಂದು ಮುರಿಯಿತು, ಮೂವರೂ ಹೊಟ್ಟೆ ಹಿಡಿದು ನಕ್ಕರು. ಅಷ್ಟೇ. ಅದರಲ್ಲಿ ಹಾಡೇ ಇರಲಿಲ್ಲ.

ನಾನು ಹೊಗಳಿದ್ದು ಅದನ್ನು.

ನಾಚಿಕೆಗಿಂತ ಮೊದಲು ಸಿಟ್ಟೇ ಬಂತು. ಇಂಥದನ್ನು ಅಳಿಸಿಹಾಕದೆ ಆಲ್ಬಮ್ಮಿನಲ್ಲಿ ಬಿಡುತ್ತಾರೆಯೇ? ಬಿಟ್ಟರೂ ಅದಕ್ಕೊಂದು ನಂಬರ್ ಕೊಡುತ್ತಾರೆಯೇ? ಅಷ್ಟರಲ್ಲಿ ನಾಲ್ಕನೆಯದು ಶುರುವಾಯಿತು. ಹೊಸ ಕೋಲು ಸಿಕ್ಕಿರಬೇಕು. ಮುರಿದದ್ದರ ಸೇಡನ್ನೆಲ್ಲ ತೀರಿಸುವಂತೆ ಅವರು ಬಾರಿಸಿದರು. ಹಿಡಿತವಿಲ್ಲ, ನಾಜೂಕಿಲ್ಲ, ನಾಳೆಯ ಚಿಂತೆಯಿಲ್ಲ. ಸೀಟಿಗೊರಗಿದ್ದವನು ನೆಟ್ಟಗೆ ಕೂತೆ. ಹೆಲ್ಮೆಟ್ ಒರೆಸುವ ಮನುಷ್ಯ ಇವರೇ ಎಂದು ನಂಬಲಾಗಲಿಲ್ಲ. ಪ್ಲಾಂಟಿನ ಗೇಟು ಬರುವವರೆಗೆ ಅದನ್ನೇ ಮೂರು ಸಲ ಕೇಳಿದೆ.

ಏಣಿಯ ಬುಡದಲ್ಲಿ ಅವರಿಗೆ ಹೇಳಿದೆ, “ಸರ್, ಅವತ್ತು ನಾನು ಕೇಳಿರಲಿಲ್ಲ. ಈಗ ಕೇಳಿದೆ. ತಲೆನೋವು ಬಂತು. ಹಾಡುವವನು ತುಂಬಾ ಕಿರುಚುತ್ತಾನೆ. ಆದರೆ ಕೋಲು ಮುರಿದ ಮೇಲೆ ನೀವು ಬಾರಿಸಿದ್ದು ಮಾತ್ರ ಇನ್ನೂ ಎದೆಯಲ್ಲಿ ಬಡಿಯುತ್ತಿದೆ.”

ಅವರು ಹಲ್ಲು ಕಾಣುವಂತೆ ನಕ್ಕರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಆ ಕವರಿನ ಮೇಲಿದ್ದ ಹುಡುಗನೇ ನಕ್ಕ ಹಾಗಿತ್ತು. ಇನ್ನು ಉಳಿದ ಹಾಳೆಗಳಿಗೆ ಮಾಫಿ ಸಿಕ್ಕಿತು ಎಂದುಕೊಂಡು ನಾನೂ ನಕ್ಕೆ.

“ಇನ್ನು ಇಪ್ಪತ್ತೆರಡು,” ಎಂದು ಏಣಿ ಹತ್ತಿದರು.

ಮೂವತ್ತೊಂದನೆಯದರಲ್ಲಿ ಸಿಕ್ಕಿಬಿದ್ದೆ. ಪಕ್ಕಪಕ್ಕದ ಎರಡು ಮೀಟರುಗಳ ವಯರ್ ಅದಲುಬದಲಾಗಿತ್ತು. ಅವತ್ತು ಚಹಾ ಬಂದ ಹೊತ್ತಿಗೆ ನೋಡದೆಯೇ ಟಿಕ್ ಹಾಕಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅವರು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಆ ಮರ್ಯಾದೆಗಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು.

ಅದನ್ನು ಸರಿಮಾಡಿ ಕೆಳಗಿಳಿಯುವಾಗ ಮೊಬೈಲ್ ರಿಂಗಾಯಿತು. ಊರಿನಿಂದ ಹೆಂಡತಿ. ಅವಳ ದನಿಯ ಹಿಂದೆ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

“ಕೇಳಿ, ಮಗು ನಡೆದಳು! ಈಗಷ್ಟೇ, ಗೋಡೆ ಬಿಟ್ಟು ನಾಲ್ಕು ಹೆಜ್ಜೆ! ನೀವು ಇರ್ಬೇಕಿತ್ತು ನೋಡ್ಲಿಕ್ಕೆ.”

ಮೊದಲಿನ ಟಿಕೆಟ್ಟಿನಲ್ಲೇ ಹೋಗಿದ್ದರೆ ಅವತ್ತಿಗೆ ನಾನು ಮನೆ ಸೇರಿ ಒಂದು ವಾರವಾಗುತ್ತಿತ್ತು. ಇಂಜಿನಿಯರ್ ಹತ್ತಿರವೇ ನಿಂತು ಮುಂದಿನ ಹಾಳೆ ತಿರುವುತ್ತಿದ್ದರು.

“ಸೂಪರ್,” ಎಂದೆ ಹೆಂಡತಿಗೆ. “ಸೂಪರಾಗಿ ನಡೆದಿದ್ದಾಳೆ.”