ರೇಟು ಹೇಳದ ಶನಿಯಾರ

ಕುಮಟೆಯಲ್ಲಿ ನಲ್ಲಿ ರಿಪೇರಿಗೆ ಜನವೇ ಸಿಗುವುದಿಲ್ಲ ಎಂದು ಗೊಣಗುವವರೆಲ್ಲ ಕೊನೆಗೆ ಫೋನು ಮಾಡುವುದು ಧಾರೇಶ್ವರದ ಶನಿಯಾರನಿಗೆ. ವಯಸ್ಸು ಐವತ್ತರ ಹತ್ತಿರ. ಹಳೇ ಸ್ಕೂಟರಿನ ಮುಂದೆ ಸಾಮಾನಿನ ಚೀಲ, ಹಿಂದೆ ಪೈಪಿನ ತುಂಡುಗಳು. ಬರುತ್ತೇನೆ ಎಂದ ದಿನವೇ ಬರುತ್ತಾನೆ. ಈ ಕಸುಬಿನಲ್ಲಿ ಅದೇ ದೊಡ್ಡ ಗುಣ.

ಅವನಿಗೊಂದು ಚಟವಿತ್ತು. ಕೂಲಿ ಎಷ್ಟೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಎಂತ ಕೊಡುದು ಶನಿಯಾರ?” ಎಂದರೆ “ನೀವ್ ಕೊಟ್ಟದ್ದು ಆತು” ಎನ್ನುವುದು, ಕೊಟ್ಟದ್ದನ್ನು ಎಣಿಸದೆ ಜೇಬಿಗೆ ತುರುಕುವುದು. ಬಾವಿ ತೋಡುತ್ತಿದ್ದ ಅವನ ಅಪ್ಪನೂ ಹೀಗೇ ಇದ್ದನಂತೆ. ಕೇಳಿ ಪಡೆದರೆ ಮರ್ಯಾದೆ ಹೋಗುತ್ತದೆ ಎಂಬುದು ಅವರ ಮನೆಯ ನಂಬಿಕೆ. ನನ್ನನ್ನು ಕೇಳಿದರೆ ಇದು ಶುದ್ಧ ಮಂಕುತನ.

ಇದರ ಲಾಭ ಪಡೆದವರು ಶ್ರೀಧರ ಮಾಸ್ತರರು. ಶನಿಯಾರನಿಗೆ ಏಳನೇ ಇಯತ್ತೆಯಲ್ಲಿ ಪಾಠ ಹೇಳಿದವರು. ಪೇಟೆಯಲ್ಲಿ ನಾಲ್ಕು ಮನೆಗಳ ಚಾಳು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಬಾಡಿಗೆಯವರು ಖಾಲಿ ಮಾಡಿ ಹೋದ ಮೇಲೆ ಶನಿಯಾರನನ್ನು ಕರೆಸಿ ನಲ್ಲಿ, ಪೈಪು ಸರಿಮಾಡಿಸುವುದು ಅವರ ಪದ್ಧತಿ. ಕೆಲಸ ಮುಗಿದರೆ ಐನೂರರ ಒಂದು ನೋಟು.

ಕಳೆದ ಏಪ್ರಿಲಿನಲ್ಲಿ ಮೂರನೇ ಮನೆಯ ಸುಚಿತಾ ಹೊನ್ನಾವರಕ್ಕೆ ಹೊರಟಿದ್ದಳು. ಅಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಇಲ್ಲಿಯ ಅಡ್ವಾನ್ಸ್ ಹದಿನೈದು ಸಾವಿರ ಪೂರ್ತಿ ಕೈಗೆ ಬಂದರಷ್ಟೇ ಅಲ್ಲಿ ಮನೆ. ಹೊರಡುವ ಎರಡು ದಿನ ಮೊದಲೇ ಬಚ್ಚಲಿನ ಪೈಪು ಒಡೆದದ್ದರಿಂದ ಈ ಸಲ ಶನಿಯಾರ ಬಂದಾಗ ಅವಳು ಮನೆಯಲ್ಲೇ ಇದ್ದಳು. ಅವನು ಕೆಲಸ ಮಾಡುತ್ತಿದ್ದಂತೆ ಬಾಗಿಲಲ್ಲಿ ನಿಂತು ಸಿಡಿದಳು.

“ಶನಿಯಾರಣ್ಣ, ಒಂದ್ ಪೈಪಿಗೆ ಏಳು ಸಾವ್ರ ತಗೊಳ್ಳುಕೆ ನಿಮ್ಗೆ ಮನ್ಸಾದ್ರೂ ಹೆಂಗ್ ಬಂತು?”

“ಏಳು ಸಾವ್ರವಾ? ಯಾರ್ ಹೇಳಿದ್ರು?”

“ಮಾಸ್ತರ್ರು. ನನ್ ಅಡ್ವಾನ್ಸಲ್ಲಿ ಹಿಡೀತ್ರಂತೆ. ಚಾಳು ಬಿಟ್ಟೋದವ್ರಿಗೆಲ್ಲ ನಿಮ್ ಕೂಲಿ ಅಂತ್ಲೇ ಹಿಡ್ದದ್ದು.”

ಶನಿಯಾರ ಕೈಯಲ್ಲಿದ್ದ ಪೈಪು ತಿರುಗಿಸುವ ಪಾನೆ ಕೆಳಗಿಟ್ಟ. ಅವನು ಬಾಯಿಬಿಟ್ಟು ಹೇಳದ ಮೊತ್ತವನ್ನು ಇನ್ಯಾರು ಬೇಕಾದರೂ ಹೇಳಬಹುದಿತ್ತು. ಎಂಟು ವರ್ಷ ಮಾಸ್ತರರು ಅದನ್ನೇ ಮಾಡಿದ್ದರು.

ಪೈಪು ಜೋಡಿಸಿ ಮುಗಿಸಿಯೇ ಅವನು ಸುಚಿತಾಳನ್ನು ಕರೆದುಕೊಂಡು ಮಾಸ್ತರರ ಜಗಲಿಗೆ ಹೋದ. ಅವರು ಎಂದಿನಂತೆ ಐನೂರರ ನೋಟು ಚಾಚಿದರು. ಅವನು ಕೈ ಒಡ್ಡಲಿಲ್ಲ.

“ಸಾಮಾನಿಗೆ ನಾನೂರಾ ಇಪ್ಪತ್ತು, ನನ್ ಕೂಲಿ ಎಂಟ್ನೂರು. ಅದ್ಕಿಂತ ಒಂದ್ ರೂಪಾಯಿ ಹೆಚ್ಚಿಲ್ಲ. ಪೈಪು ತುಕ್ಕು ಹಿಡ್ದು ಒಡದದ್ದು, ಇವ್ರು ಒಡದದ್ದಲ್ಲ.”

ಹೇಳುವಾಗ ನಾಚಿಕೆಯಿಂದ ನೆಲ ನೋಡುತ್ತಿದ್ದನಂತೆ. ಸುಚಿತಾ ಎದುರಿಗೇ ನಿಂತಿದ್ದರಿಂದ ಮಾಸ್ತರರಿಗೆ ಬೇರೆ ದಾರಿ ಉಳಿಯಲಿಲ್ಲ. ಅವಳ ಹದಿನೈದು ಸಾವಿರ ಅವಳಿಗೆ ಬಂತು, ಅವನ ಕೂಲಿ ಅವನಿಗೆ. ಚಾಳಿನ ಕೆಲಸ ಅಂದಿಗೇ ತಪ್ಪಿತು.

ಈಗ ಅವನು ಮೊದಲೇ ರೇಟು ಹೇಳುತ್ತಾನೆ. ಶನಿಯಾರನಿಗೂ ದುಡ್ಡಿನ ಆಸೆ ಹತ್ತಿತು ಎಂದು ಪೇಟೆಯಲ್ಲಿ ಆಡಿಕೊಳ್ಳುತ್ತಾರೆ.

ಮೊನ್ನೆ ಬೇರೆ ಯಾರೂ ಸಿಗದೆ ನಮ್ಮ ಟ್ಯಾಂಕು ಸೋರುವುದಕ್ಕೆ ನಾನೂ ಅವನನ್ನೇ ಕರೆಸಿದೆ. ಕೆಲಸ ಮಾಡುತ್ತ ಇದನ್ನೆಲ್ಲ ಹೇಳಿದವನು ಅವನೇ.

“ಚಾಳು ಬಿಟ್ಟೋದವ್ರು ನಂಗೆ ಎಷ್ಟ್ ಬೈದಿರ್ಬೇಕು, ಅಲ್ದಾ?” ಎಂದು ಕೇಳಿದ.

ಆರು ವರ್ಷದ ಹಿಂದೆ ಅದೇ ಚಾಳಿನ ಎರಡನೇ ಮನೆ ಬಿಡುವಾಗ ನನ್ನ ಅಡ್ವಾನ್ಸಿನಲ್ಲೂ ನಾಲ್ಕು ಸಾವಿರ ಹೋಗಿತ್ತು. ಹೋದ ಕಡೆಯೆಲ್ಲ ಧಾರೇಶ್ವರದ ಶನಿಯಾರ ಕಳ್ಳ ಎಂದು ಹೇಳಿಕೊಂಡು ಬಂದವನು ನಾನು.